ಒಣ ಬಟ್ಟೆ

ಹೈಮಾವತಿ ಕೆಂಪುಕಲ್ಲಿನ ಕೊರಳ ಅಡ್ಡಿಕೆಯನ್ನು ಬಿಸಿ ಅಂಟುವಾಳದ ನೀರಲ್ಲಿ ಮುಳುಗಿಸಿದಾಗ ಸೊಸೆ ಗಗನಾ ಒಣ ಹತ್ತಿಬಟ್ಟೆ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಅಡ್ಡಿಕೆ ಗಗನಾಳ ತೀರಿಹೋದ ಅಮ್ಮನದು. ಮದುವೆಯಾದ ವಾರವೇ ಅತ್ತೆ ಜೋಪಾನಕ್ಕೆಂದು ಇಸಿದುಕೊಂಡಿದ್ದರು. ಈಗ ತಮ್ಮ ಮಗಳು ಹಾರಿಕಾಳ ಸೀಮಂತಕ್ಕೆ ಅದನ್ನೇ ಉಡುಗೊರೆ ಕೊಡಲು ಹೊರಟಿದ್ದರು.

“ಹಾರಿಕಾ ಇರೋದು ನಮ್ಮ ಬೆಜವಾಡದಲ್ಲಲ್ಲ, ವೈಜಾಗಿನಲ್ಲಿ. ಸಮುದ್ರದ ಉಪ್ಪುಗಾಳಿಗೆ ಒಡವೆ ಮಂಕಾಗ್ತದೆ, ಚೆನ್ನಾಗಿ ತೊಳೆದೇ ಕಳಿಸ್ಬೇಕು. ನಿನಗೆಲ್ಲಿ ಗೊತ್ತಾಗ್ಬೇಕು ಅಮ್ಮಾಯಿ!”

“ಹೌದತ್ತೆ, ನನಗೇನು ಗೊತ್ತು,” ಎಂದಳು ಗಗನಾ. ಕಲ್ಲು ಕೂತಿರುವುದು ಅರಗಿನ ಮೇಲೆ, ನೀರಿಳಿದರೆ ಕಲ್ಲಿಗೆ ಹೊಳಪು ಕೊಡುವ ಅಡಿಯ ಮಿಂಚುಹಾಳೆ ಸತ್ತುಹೋಗುತ್ತದೆ, ಒಣ ಬಟ್ಟೆಯಲ್ಲಷ್ಟೇ ಒರೆಸು ಎಂದು ಅಮ್ಮ ಹೇಳಿಕೊಟ್ಟಿದ್ದನ್ನು ನುಂಗಿಕೊಂಡಳು. ಬಟ್ಟೆಯನ್ನು ಇನ್ನೂ ಸಣ್ಣಗೆ ಮಡಚಿದಳು.

ಹೊರಬಂದ ಕೆಂಪುಗಳು ಹಳೇ ಹುಣಸೆಹಣ್ಣಿನ ಬಣ್ಣಕ್ಕೆ ತಿರುಗಿದ್ದವು. ಒಂದೆರಡು ಕಲ್ಲು ನೀರಲ್ಲೇ ಉಳಿದವು. ಹೈಮಾವತಿ ಬೆರಳಲ್ಲಿ ತಿಕ್ಕಿದರು, ಸೆರಗಲ್ಲಿ ತಿಕ್ಕಿದರು, ಕೊನೆಗೆ ಅಡ್ಡಿಕೆಯನ್ನು ಸೊಸೆಯ ಕಡೆ ಚಾಚಿದರು. “ತಗೋಮ್ಮ. ಎಷ್ಟಾದರೂ ನಿಮ್ಮಮ್ಮಂದು. ನೀನೇ ಇಟ್ಕೋ.”

“ಬೇಡ ಅತ್ತೆ. ಹಾರಿಕಾಗೆ ಅಂದಿದ್ರಲ್ಲ, ಅವಳಿಗೇ ಕೊಡಿ.”