ಮರ್ವಿನ್‌ನ ಬಲಗೈ

ರಿಮೋಟಿನ ಗುಂಡಿ ಒತ್ತಿದೆನೋ, ಒತ್ತಬೇಕೆಂದು ಅಂದುಕೊಂಡೆನಷ್ಟೆಯೋ? ಪಾರ್ಶ್ವವಾಯು ಬಡಿದ ಮೇಲೆ ಮರ್ವಿನ್‌ನ ಬಲಗೈ ಅವನಿಗೆ ಏನನ್ನೂ ತಿಳಿಸುತ್ತಿರಲಿಲ್ಲ. ಆ ಕೈಗೇ ಕೆಲಸ ಕೊಡಿ ಎಂದಿದ್ದರು ಆಸ್ಪತ್ರೆಯವರು. ಬೇಟೆಯ ಹಕ್ಕಿಗಳನ್ನು ಸೆಳೆಯಲೆಂದು ಬಟಾಣಿ ಹೊಲದ ನಡುವೆ ಯಂತ್ರದ ತೋಳುಗಳಿಗೆ ಸಿಕ್ಕಿಸಿದ ಪ್ಲಾಸ್ಟಿಕ್ ಪಾರಿವಾಳಗಳು ಸುತ್ತುತ್ತಿದ್ದವು. ನಿಜವಾದ ಹಕ್ಕಿಗಳು ಹತ್ತಿರ ಬಂದಾಗ ರಿಮೋಟ್ ಒತ್ತಿ ಯಂತ್ರವನ್ನು ನಿಲ್ಲಿಸದಿದ್ದರೆ, ಬಂದವು ಬೆದರಿ ಹಿಂದಿರುಗುತ್ತವೆ. ಕೋವಿ ಹಿಡಿಯಲಾಗದ ಮರ್ವಿನ್‌ಗೆ ಉಳಿದ ಕೆಲಸ ಇದೊಂದೇ.

"ಟೈಮರ್‌ಗೇ ಬಿಟ್ಬಿಡು ಕ್ಲೆಮ್. ನನ್ನ ಕೈ ನಂಬ್ಬೇಡ."

ಹಕ್ಕಿಗಳಿಗೆ ಕಾಣದಂತೆ ಕಟ್ಟಿದ ಬಲೆಯ ಮರೆಯಲ್ಲಿ, ತೊಡೆಯ ಮೇಲೆ ಕೋವಿಯಿಟ್ಟುಕೊಂಡು ಪಕ್ಕದಲ್ಲೇ ಕುಳಿತಿದ್ದ ಗೆಳೆಯ ಕ್ಲೆಮ್ ನಕ್ಕ. "ಟೈಮರ್‌ಗೆ ಹಕ್ಕಿ ಕಾಣುತ್ತೇನೋ? ಮತ್ತೆ ನಿನ್ನ ಕರ್ಕೊಂಡು ಬಂದಿದ್ಯಾಕೆ, ಸ್ಯಾಂಡ್‌ವಿಚ್ ತಿನ್ನೋಕಾ? ಬೆಳಿಗ್ಗೆಯಿಂದ ಒಂದು ಸಲಾನೂ ತಪ್ಪಿಲ್ಲ ನೀನು."

ಮರ್ವಿನ್ ಅದನ್ನು ನಂಬಿದ. ಚಮಚ ಹಿಡಿಯಲಾಗದ ಕೈಗೆ ಇದಾದರೂ ಬರುತ್ತದೆಂದು ಹೆಂಡತಿಗೆ ಹೇಳಬೇಕೆಂದುಕೊಂಡ. ರಿಮೋಟನ್ನು ಹುಲ್ಲಿನ ಮೇಲಿಟ್ಟು ಎಡಗೈಯಿಂದ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದಾಗ, ಓಕ್ ಮರಗಳ ಕಡೆಯಿಂದ ಮೂರು ಪಾರಿವಾಳಗಳು ರೆಕ್ಕೆ ಬಿಗಿದು ಇಳಿದು ಬಂದವು. ಅವನು ರಿಮೋಟಿಗೆ ಕೈ ಚಾಚುವ ಮೊದಲೇ ಯಂತ್ರ ನಿಂತಿತು. ಕ್ಲೆಮ್‌ನ ಎಡಗೈ ಕೋಟಿನ ಜೇಬಿನಿಂದ ಹೊರಬಂದು ಕೋವಿಗೆ ಆನಿತು. ಜೇಬಿನ ಅಂಚಿನಲ್ಲಿ ಇನ್ನೊಂದು ರಿಮೋಟಿನ ತುದಿ ಇಣುಕುತ್ತಿತ್ತು.

ಎರಡು ಗುಂಡು ಹಾರಿದವು. "ನೋಡಿದ್ಯಾ? ಸರಿಯಾದ ಹೊತ್ತಿಗೆ ನಿಲ್ಲಿಸ್ದೆ ನೀನು," ಎಂದ ಕ್ಲೆಮ್, ಬಿದ್ದ ಹಕ್ಕಿಗಳ ಮೇಲಿಂದ ಕಣ್ಣು ತೆಗೆಯದೆ.

ಮರ್ವಿನ್ ರಿಮೋಟನ್ನು ಹುಲ್ಲಿನಿಂದೆತ್ತಿ ಬಲಗೈಯೊಳಗಿಟ್ಟು, ಅದರ ಬೆರಳುಗಳನ್ನು ಒಂದೊಂದಾಗಿ ಮಡಚಿದ. ಯಂತ್ರ ನಿಂತಾಗ ರಿಮೋಟ್ ತನ್ನ ಕೈಯಲ್ಲಿರಲಿಲ್ಲವೆಂದು ಅವನು ಕ್ಲೆಮ್‌ಗೆ ಎಂದೂ ಹೇಳಲಿಲ್ಲ.