ಮೂರರಿಂದ ಸೀದಾ ಏಳಕ್ಕೆ

ಕಂಪ್ಯೂಟರ್ ಸೆಂಟರಿನ ಮೆಟ್ಟಿಲು ಹತ್ತುವಾಗ ನೀಲವ್ವನ ಕೈಗೆ ಜೋಳದ ಹಿಟ್ಟು ಹಾಗೆಯೇ ಮೆತ್ತಿಕೊಂಡಿತ್ತು...

ಖಾನಾವಳಿಗೆ ರೊಟ್ಟಿ ಬಡಿಯುವ ಕೆಲಸವನ್ನು ಅರ್ಧಕ್ಕೆ ಬಿಟ್ಟು ಬಂದಿದ್ದಳು. ಮೈಯೆಲ್ಲ ಸಿಟ್ಟು.

ಹಿಂದೆ, ಅವಳ ಹೆಗಲು ಹಿಡಿದು ಮಗಳು ದಾಕ್ಷಾಯಣಿ. ಹುಟ್ಟಿನಿಂದ ಕಣ್ಣು ಕಾಣದ ಹುಡುಗಿ... ಹತ್ತನೇ ಕ್ಲಾಸಿನಲ್ಲಿ ಶಾಲೆಗೇ ಫಸ್ಟ್!

ವಸತಿ ಕಾಲೇಜಿನ ಪ್ರವೇಶ ಪರೀಕ್ಷೆಗೆ ಇನ್ನು ಹತ್ತೇ ದಿನ. ದಾಕ್ಷಾಯಣಿ ಬಾಯಲ್ಲಿ ಉತ್ತರ ಹೇಳಬೇಕು, ಪಕ್ಕದಲ್ಲಿ ಕೂತವರು ಬರೆಯಬೇಕು.

ಆದರೆ ಅವತ್ತು ಬೆಳಿಗ್ಗೆ ಬಂದ ಹಾಲ್ ಟಿಕೆಟ್‌ನಲ್ಲಿ, ಬರೆದುಕೊಡುವವರ ಸುದ್ದಿಯೇ ಇಲ್ಲ... ಶಾಲೆಯ ಟೀಚರ್ ಎರಡೆರಡು ಸಲ ಓದಿ ಹೇಳಿದರು.

ಅರ್ಜಿ ತಿದ್ದಲು ಕೊನೆಯ ಗಡುವು ಅವತ್ತೇ ಸಂಜೆ ಐದು ಗಂಟೆ!

"ಕಳಕಪ್ಪಾ! ಏನ್ ತುಂಬೀಯೋ ನನ್ನ ಮಗಳ ಫಾರಂನಾಗ?"

ಸೆಂಟರಿನ ಕಳಕಪ್ಪ ಸ್ಕ್ರೀನಿನಿಂದ ಕಣ್ಣು ಕೀಳಲಿಲ್ಲ. "ಪಾಳೇಕ ನಿಂದರ್ರಿ ಅಕ್ಕಾರ... ಮಂದಿ ಅದಾರ."

"ಪಾಳೆ ಹಾಳಾಗ್ಲಿ! ಮೊದಲ ಇದನ್ನ ತೆಗದು ತೋರಸು."

ಗೊಣಗುತ್ತಲೇ ಅರ್ಜಿ ತೆರೆದ. ನೋಡಿದ. ಅವನ ದನಿ ಸಣ್ಣದಾಯಿತು...

"ಮೂರನೇ ಸ್ಟೆಪ್ಪಿನಾಗ ಅಂಗವೈಕಲ್ಯ ಐತೇನು ಅಂತ ಕೇಳತೈತ್ರಿ. ಹೌದು ಅಂದ್ರ ನಾಕು, ಐದು, ಆರು ತೆರೀತಾವು. ಸರ್ಟಿಫಿಕೇಟ್ ಸ್ಕ್ಯಾನ್ ಮಾಡಬೇಕು, ಬರೆಯೋರು ಬೇಕು ಅಂತ ಹಾಕಬೇಕು... ಇಲ್ಲ ಅಂದ್ರ ಮೂರರಿಂದ ಸೀದಾ ಏಳಕ್ಕ ಹೋಗತೈತಿ."

"ಅದಕ್ಕ ಇಲ್ಲ ಅಂತ ಒತ್ತಿದಿ?"

"ಗದ್ದಲ ಇತ್ತಲ್ರಿ... ಎಲ್ಲಾರಿಗೂ ಹಂಗ ಮಾಡತೀನಿ, ಲಗೂ ಮುಗೀತೈತಿ. ನೀವರ ಹೇಳಬೇಕಿತ್ತು."

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂದರೆ ಇದೇ ಅಲ್ಲವೇ?

ನೀಲವ್ವ ಕೈಚೀಲದಿಂದ ಒಂದು ಝೆರಾಕ್ಸ್ ಹಾಳೆ ತೆಗೆದು ಟೇಬಲ್ ಮೇಲೆ ಬಡಿದಳು. ಮಗಳ ಅಂಗವಿಕಲ ಸರ್ಟಿಫಿಕೇಟು.

ಅದರ ನಟ್ಟನಡುವೆ, ದುಂಡಗೆ ಒಂದು ಚಹಾದ ಕಲೆ...

"ಫಾರಂ ತುಂಬೂ ದಿನ ಇದನ್ನ ನಿನ್ನ ಮುಂದನ ಇಟ್ಟಿದ್ನಲ್ಲೋ! ಇದರ ಮ್ಯಾಲೆ ನೀ ಚಾದ ಕಪ್ ಇಟ್ಟಿ. ಓದಲಿಲ್ಲ. ಹೊಳ್ಳಿ ನೋಡಲಿಲ್ಲ. ಇನ್ನೂ ಏನ್ ಹೇಳಬೇಕಿತ್ತು ನಾನು?"

ಪಾಳಿಯಲ್ಲಿದ್ದವರೆಲ್ಲ ಆ ಕಲೆ ನೋಡಲು ಬಗ್ಗಿದರು...

ಆಗ ದಾಕ್ಷಾಯಣಿ ಬಾಯಿ ಬಿಟ್ಟಳು.

"ಅಣ್ಣಾ, ಅವತ್ತ ನೀವು 'ಸರಿಯಾಗಿ ನೋಡಿ ಸಹಿ ಮಾಡವಾ' ಅಂದ್ರಿ. ನಾ ಕಾಗದ ಎಲ್ಲೈತಿ ಅಂತ ಟೇಬಲ್ ಮ್ಯಾಲೆ ಕೈ ಆಡಸ್ತಿದ್ದೆ... ನನಗ ಕಣ್ಣು ಕಾಣೂದಿಲ್ಲ, ಖರೆ. ನಿಮಗ ಕಾಣತಾವಲ್ಲ?"

ಕಳಕಪ್ಪ ಮೌಸು ಬಿಟ್ಟು, ಆ ಹಾಳೆ ಎತ್ತಿ ಪೂರ್ತಿ ಓದಿದ.

ಅರ್ಜಿ ತಿದ್ದಲು ಕೂತ. ಸರ್ವರ್ ಎರಡು ಸಲ ಕೈಕೊಟ್ಟಿತು. ಮೂರನೇ ಸಲ ನಾಲ್ಕು, ಐದು, ಆರು... ಒಂದೊಂದೇ ಪುಟ ತೆರೆಯಿತು. ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಕೆಲಸ ಮುಗಿಯಿತು. ಹೊಸ ಹಾಲ್ ಟಿಕೆಟ್‌ನಲ್ಲಿ ಬರೆಯುವವರೂ ಇದ್ದರು, ಒಂದು ತಾಸು ಹೆಚ್ಚಿನ ಸಮಯವೂ ಇತ್ತು.

ಆಮೇಲೆ ಅವನು ಗಿರಾಕಿಗಳ ಫೋನ್ ನಂಬರ್ ಬರೆದಿಡುವ ನೋಟ್‌ಬುಕ್ ತೆರೆದ. ಈ ಪರೀಕ್ಷೆಗೆಂದು ತುಂಬಿದ ಫಾರಂ ಒಟ್ಟು ನೂರಾ ಹನ್ನೆರಡು.

ನೂರಾ ಹನ್ನೆರಡಕ್ಕೂ ಮೂರನೇ ಸ್ಟೆಪ್ಪಿನಲ್ಲಿ ಅವನು ಒತ್ತಿದ್ದು 'ಇಲ್ಲ'... ಒಬ್ಬರನ್ನೂ ಕೇಳಿರಲಿಲ್ಲ!

ಅವನ ಕಣ್ಣು ತುಂಬಿ ಬಂತು. "ತಪ್ಪಾತ್ರಿ ಅಕ್ಕಾರ..." ಎಂದು ಕೈ ಮುಗಿದ.

ನೀಲವ್ವ ಕರಗಲಿಲ್ಲ. ಕರಗಬೇಕಾಗಿಯೂ ಇರಲಿಲ್ಲ.

"ನೀ ಅತ್ರ ಯಾರ ಫಾರಂ ಸರಿ ಆಗತೈತಿ? ಐದಕ್ಕ ಇನ್ನೂ ನಾಕು ತಾಸೈತಿ. ಫೋನ್ ಹಚ್ಚು!"

ಅರ್ಧ ಶಟರ್ ಎಳೆದು ಬಾಗಿಲಲ್ಲಿ ಅವಳೇ ನಿಂತಳು. ಅವನು ನಂಬರ್ ಓದುತ್ತಾ ಹೋದ. ಅವನದೊಂದು ಫೋನು, ಅಮ್ಮನ ಬಟನ್ ಫೋನಿನಲ್ಲಿ ದಾಕ್ಷಾಯಣಿ ಇನ್ನೊಂದು ಕಡೆಯಿಂದ... ಎಲ್ಲರಿಗೂ ಒಂದೇ ಪ್ರಶ್ನೆ: ನಿಮ್ಮ ಮಕ್ಕಳಿಗೆ ಅಂಗವೈಕಲ್ಯ ಐತೇನ್ರಿ?

ಸುಮಾರು ನಲವತ್ತನೆಯ ಕರೆ. ಆ ಕಡೆಯಿಂದ ಒಬ್ಬ ತಂದೆ ಹೇಳಿದ:

"ನನ್ನ ಮಗಗ ಕಿವಿ ಕೇಳೂದಿಲ್ರಿ... ಇಲ್ಲೀತನಕ ಯಾರೂ ನಮ್ಮನ್ನ ಇದನ್ನ ಕೇಳಿದ್ದಿಲ್ಲ."

ದಾಕ್ಷಾಯಣಿ ಫೋನ್ ಹಿಡಿದುಕೊಂಡೇ ಬಿಕ್ಕಿದಳು.

ಐದರೊಳಗೆ ಅಂಥವರು ಮೂವರು ಸಿಕ್ಕರು. ಮೂರೂ ಮನೆಯವರು ಸರ್ಟಿಫಿಕೇಟ್ ಹಿಡಿದು ಓಡಿ ಬಂದರು, ಮೂವರ ಅರ್ಜಿಯೂ ಗಡುವಿನೊಳಗೆ ಸರಿಯಾಯಿತು.

ಹೊರಡುವಾಗ ಕಳಕಪ್ಪ ಆ ಕಲೆಯಾದ ಹಾಳೆಯನ್ನು ಮಡಚಿ ಕೊಡಲು ಬಂದ. ನೀಲವ್ವ ತೆಗೆದುಕೊಳ್ಳಲಿಲ್ಲ.

"ಇಲ್ಲೇ ಗ್ವಾಡಿಗೆ ಹಚ್ಚು ತಮ್ಮಾ. ಚಾ ಕುಡಿಯೂ ಮುಂದ ನೋಡು... ನನ್ನ ಸಿಟ್ಟು ಇನ್ನೂ ಇಳದಿಲ್ಲ."

ಮಗಳ ಕೈಯನ್ನು ಹೆಗಲ ಮೇಲೆ ಇಟ್ಟುಕೊಂಡು ಮೆಟ್ಟಿಲು ಇಳಿದಳು.

.

*ನಮಗೆ ಉಳಿಯುವ ಎರಡು ನಿಮಿಷಕ್ಕೆ, ಇನ್ನೊಬ್ಬರು ತಮ್ಮ ಬದುಕನ್ನೇ ತೆರಬೇಕಾಗಬಹುದು.*

ಇವತ್ತು ನೀವು ಯಾರನ್ನು, ಒಂದು ಮಾತೂ ಕೇಳದೆ, ಮೂರರಿಂದ ಸೀದಾ ಏಳಕ್ಕೆ ದಾಟಿಸಿಬಿಟ್ಟಿರಿ...?