ಹೆಪ್ಪಿನ ಪದ್ಯ

ಸಾವಾದ ಮನೆಯಲ್ಲಿ ಹಾಲು ಹೆಪ್ಪುಗಟ್ಟುವುದಿಲ್ಲವೆಂಬುದು ಎಲ್ಲರಿಗೂ ಗೊತ್ತಿದ್ದದ್ದೇ. ಪಕ್ಕದ ಮನೆಯಿಂದ ಮೊಸರು ತಂದರೂ ಹೊಸ್ತಿಲು ದಾಟುತ್ತಲೇ ಹಾಲಾಗಿಬಿಡುತ್ತಿತ್ತು. ಹೋದವರ ಮೇಲೊಂದು ಪದ್ಯ ಬರೆದು, ಹೆಪ್ಪು ಹಾಕುವಾಗ ಪಾತ್ರೆಗೆ ಓದಿ ಹೇಳಬೇಕು. ಪದ್ಯ ನಿಜವಾಗಿದ್ದರೆ ಮಾತ್ರ ಮೊಸರು.

ವನಜಾಕ್ಷಿಯ ಗಂಡ ತೀರಿಕೊಂಡು ಎರಡು ತಿಂಗಳಾಗಿತ್ತು. ಮೊಸರನ್ನವಿಲ್ಲದೆ ಅತ್ತೆ ಸೊರಗಿದ್ದರು. ಆ ಸಂಜೆಯೂ ಅವಳು ಪಾತ್ರೆಯ ಮುಂದೆ ಕೂತು ಓದತೊಡಗಿದಳು: "ಚಂದ್ರನಂಥ ಮೊಗದವನೇ..."

"ನನ್ನ ಮಗನಿಗೆ ಉಬ್ಬುಹಲ್ಲಿತ್ತು ಕಣೇ!" ಅತ್ತೆ ಗದರಿದರು. "ಹಾಲಿಗೂ ಸುಳ್ಳು ಹೇಳ್ತೀಯಲ್ಲ! ಇನ್ನೆಷ್ಟು ದಿನ ನಾನು ಬರೀ ಸಾರನ್ನ ತಿನ್ನಲಿ?"

ವನಜಾಕ್ಷಿಗೆ ಸಿಟ್ಟು ಬಂತು. ಸಿಟ್ಟಿನಲ್ಲೇ ಆ ಸಾಲು ಹೊಡೆದುಹಾಕಿ, ಕೆಳಗೆ ಬೇರೆಯದು ಗೀಚಿ, ಪಾತ್ರೆಗೆ ಬಗ್ಗಿ ಓದಿದಳು:

"ಒದ್ದೆ ಟವೆಲ್ಲು ಹಾಸಿಗೆ ಮೇಲೇ ಎಸೀತಿದ್ರಿ,
ದಿನಾ ನಾ ಬೈತಿದ್ದೆ.
ಹಾಸಿಗೆ ಈಗ ಒಣಗೇ ಇದೆ ರೀ,
ಯಾರಿಗೆ ಬೈಲಿ?"

ಅತ್ತೆ ನಗುತ್ತ ನಗುತ್ತ ಅತ್ತುಬಿಟ್ಟರು. ಅವಳೂ ಅತ್ತಳು.

ಬೆಳಿಗ್ಗೆ ಸೌಟಿಟ್ಟರೆ ಗಟ್ಟಿ ಮೊಸರು! ಅತ್ತೆಯ ತಟ್ಟೆಗೆ ಬಡಿಸಿ, ತಾನೂ ರುಚಿ ನೋಡಿದಳು. "ಸ್ವಲ್ಪ ಹುಳಿಯಾಗಿದೆ ಅತ್ತೆ."

"ಇರಲಿ ಬಿಡೇ," ಅತ್ತೆ ಬೆರಳು ನೆಕ್ಕಿದರು. "ಅವನೇನು ಸಿಹಿಯಾಗಿದ್ನಾ?"